ಒಳಲೆಯ ಅಳತೆಗೆ ಔಷಧ

ಈಗಿನ ಔಷಧದ ಬಾಟಲಿ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಮುಚ್ಚಳವೇ ಅಳತೆಯ ಲೋಟ, ಜೊತೆಗೊಂದು ಚಮಚ, ಮೇಲೊಂದು ಬಣ್ಣದ ಪೆಟ್ಟಿಗೆ. ನಾನು ದಾವಣಗೆರೆಯಲ್ಲಿ ಕಾಂಪೌಂಡರ್ ಆಗಿದ್ದಾಗ, ಅಂದರೆ ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಬಾಟಲಿಯನ್ನೂ ರೋಗಿಯೇ ಮನೆಯಿಂದ ತರಬೇಕಿತ್ತು. ತರುತ್ತಿದ್ದರಲ್ಲ, ಏನು ಬಾಟಲಿಗಳಪ್ಪಾ ಅವು! ಹರಳೆಣ್ಣೆಯದು, ಸೀಮೆಎಣ್ಣೆಯದು, ಯಾರೋ ಕುಡಿದು ಬಿಸಾಕಿದ ಸಾರಾಯಿಯದು. ತಳದಲ್ಲಿ ಸತ್ತ ಇರುವೆ ಬೇರೆ. "ತೊಳ್ಕೊಂಡು ಬರ್ರಿ, ಇದು ಆಸ್ಪತ್ರೆ, ಎಣ್ಣೆ ಗಾಣ ಅಲ್ಲ" ಅಂತ ಕಿಟಕಿಯಿಂದ ಕೂಗಿ ಕೂಗಿ ನನ್ನ ಗಂಟಲು ಒಡೆದ ಡೋಲಾಗಿತ್ತು. ನನ್ನದು ಮೊದಲೇ ಮುಂಗೋಪ. ಸಾಲಿನಲ್ಲಿ ನಿಂತವರು ನನಗೆ ಕೇಳುವ ಹಾಗೆಯೇ ಅಂದುಕೊಳ್ಳುತ್ತಿದ್ದರು: "ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲಪ್ಪಾ."

ವರ್ತಕರ ದಾನದಿಂದ ನಡೆಯುತ್ತಿದ್ದ ಚಿಕ್ಕ ಆಸ್ಪತ್ರೆ ಅದು. ಒಬ್ಬ ಡಾಕ್ಟರು, ಇಬ್ಬರು ನರ್ಸಮ್ಮಂದಿರು, ಹಿಂದೆ ಒಂದು ವಾರ್ಡು, ಮುಂದೆ ನನ್ನ ಕೋಣೆ. ಕೋಣೆಯಲ್ಲಿ ದೊಡ್ಡ ದೊಡ್ಡ ಗಾಜಿನ ಜಾಡಿಗಳು. ಹೊಟ್ಟೆನೋವಿನದು ಗುಲಾಬಿ ಬಣ್ಣ, ಕೆಮ್ಮಿನದು ಬೆಲ್ಲದ ಪಾಕದ ಬಣ್ಣ, ಜ್ವರದ್ದು ನೀರಿನ ಹಾಗೆ. ಪೆಪ್ಪರ್‌ಮಿಂಟಿನ ವಾಸನೆ ಅಂಗಿಗೆ ಹತ್ತಿದರೆ ಮನೆಗೆ ಹೋದರೂ ಬಿಡುತ್ತಿರಲಿಲ್ಲ. ಮಧ್ಯಾಹ್ನ ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಯ ಹೊಗೆ, ಹುರಿದ ವಾಸನೆ ಕಿಟಕಿಯೊಳಗೆ ಬರುತ್ತಿತ್ತು. ಮಿಲ್ಲಿನ ಸೈರನ್ ಕೂಗಿದರೆ ಗಡಿಯಾರ ನೋಡುವ ಕೆಲಸವಿರಲಿಲ್ಲ. ಆ ಕೋಣೆ ಈಗ ಇಲ್ಲ. ನೆನೆಸಿಕೊಂಡರೆ ಈಗಲೂ ಮೂಗಿಗೆ ಆ ವಾಸನೆ ಬರುತ್ತದೆ.

ಬಾಟಲಿಗೆ ಔಷಧ ತುಂಬಿದ ಮೇಲೆ ಒಂದು ಮುಖ್ಯ ಕೆಲಸ ಇರುತ್ತಿತ್ತು. ಬಿಳಿ ಕಾಗದದ ಉದ್ದನೆಯ ಪಟ್ಟಿಯನ್ನು ಮಡಚಿ, ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ, ಮೈದಾ ಅಂಟು ಹಚ್ಚಿ ಬಾಟಲಿಯ ಮೈಗೆ ನೆಟ್ಟಗೆ ಅಂಟಿಸುವುದು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಓದು ಬಾರದವರಿಗೂ ತಿಳಿಯುತ್ತದೆ ಅಂತ ಮಾಡಿದ ಉಪಾಯ ಅದು. ನನ್ನ ಪಟ್ಟಿ ಅಂದರೆ ಪಟ್ಟಿ. ಒಂದು ಕಚ್ಚೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ, ಅದರ ಮೇಲೆ ನನಗೆ ಸಣ್ಣ ಜಂಬವೂ ಇತ್ತು.

ಒಂದು ಬೆಳಿಗ್ಗೆ ಹರಿಹರದಿಂದ ಗಂಡ, ಹೆಂಡತಿ, ಐದಾರು ವರ್ಷದ ಹೆಣ್ಣುಮಗು, ಗಂಡನ ಅಕ್ಕ ಇಷ್ಟು ಜನ ಬಂದರು. ಗಂಡ ನಮ್ಮೂರಿನ ಹತ್ತಿಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವನು, ದಿನಾ ಹರಿಹರದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ. ಅಕ್ಕ ಭಾನುವಳ್ಳಿಯಲ್ಲಿ ಹೊಲಮನೆ ಇದ್ದ ಗಟ್ಟಿ ಹೆಂಗಸು. ಆ ಕಡೆಗೆ ಆಗ ಹೊಸದಾಗಿ ನಾಲೆ ನೀರು ಬಂದಿತ್ತು. ಮಗುವಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಡಾಕ್ಟರು ನೋಡಿ ಫಿಟ್ಸಿನ ಮಿಕ್ಸ್ಚರ್ ಬರೆದರು. ಮೂರು ಹೊತ್ತು, ಒಂದು ಹೊತ್ತೂ ತಪ್ಪಬಾರದು. ತಪ್ಪಿದರೆ ಫಿಟ್ಸ್ ಬರುತ್ತದೆ, ಹೆಚ್ಚಾದರೆ ಮಗು ಮಂಕು ಹಿಡಿದು ಬೀಳುತ್ತದೆ. ಮೈತುಂಬ ಕಜ್ಜಿಯೂ ಇದ್ದುದರಿಂದ ಹಚ್ಚಲು ಬಿಳಿ ಲೋಶನ್ನನ್ನೂ ಬರೆದರು. ಅದು ಹೊಟ್ಟೆಗೆ ಹೋದರೆ ವಿಷ.

ನಾನು ಎರಡು ಬಾಟಲಿ ತುಂಬಿ, ಪಟ್ಟಿ ಅಂಟಿಸಿ, ಗಿಣಿಗೆ ಹೇಳಿದ ಹಾಗೆ ಹೇಳಿದೆ: "ಇದು ಕುಡಿಸೋದು, ಇದು ಹಚ್ಚೋದು. ಒಂದು ಕಚ್ಚು ಒಂದು ಹೊತ್ತಿಗೆ. ಕುಡಿಸೋರು ಯಾರು?"

"ನಾನ್ರೀ," ಅಂದಳು ಹೆಂಡತಿ. ಕಿಟಕಿಯೊಳಗೆ ಕೈ ಚಾಚಿ, ಬಾಟಲಿ ಹಿಡಿದು, ಹೆಬ್ಬೆರಳಿನಿಂದ ಕಾಗದದ ಪಟ್ಟಿಯನ್ನು ಮೇಲಿಂದ ಕೆಳಗೆ ಸವರಿದಳು. ಇನ್ನೊಂದು ಸಲ ಸವರಿದಳು. "ಅಣ್ಣಾರ, ಇದ್ರಾಗ ಔಷಧ ಎಲ್ಲಿಗೆ ಇಳೀತು ಅಂತ ನಂಗೆ ಹೆಂಗೆ ತಿಳೀಬೇಕು?"

ಆಗ ಮುಖ ಎತ್ತಿ ನೋಡಿದೆ. ಆಕೆಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಸೆರಗಿನ ತುದಿ ಮಗಳ ಕೈಯಲ್ಲಿತ್ತು.

"ಅದಕ್ಕೇ ಮಗೂನ ನಾನು ಭಾನುವಳ್ಳಿಗೆ ಕರ್ಕೊಂಡು ಹೋಗ್ತೀನಿ ಅಂತಿರೋದು," ಅಂದಳು ಗಂಡನ ಅಕ್ಕ. ಸಿಟ್ಟಿನಿಂದ ಅಂದದ್ದಲ್ಲ, ಮಗುವಿನ ತಲೆ ಸವರುತ್ತಲೇ ಅಂದಳು. "ನಮ್ಮ ತಮ್ಮ ಹೊತ್ತು ಹುಟ್ಟೋ ಮುಂಚೆ ಮಿಲ್ಲಿಗೆ ಹೋದ್ರೆ ಬರೋದು ದೀಪ ಹಚ್ಚಿದ ಮ್ಯಾಲೆ. ಇಕಿಗೆ ಕಣ್ಣಿಲ್ಲ. ಔಷಧ ಅಂದ್ರೆ ಹುಡುಗಾಟ ಏನ್ರಿ? ದೊಡ್ಡೋಳಾಗೋ ತಂಕ ನನ್ನ ಹತ್ರ ಇರ್ಲಿ."

ಡಾಕ್ಟರಿಗೂ ಅದೇ ಸರಿ ಅನ್ನಿಸಿತ್ತು. ಅವರು ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ. ನನ್ನನ್ನು ಒಳಗೆ ಕರೆದು, "ನೋಡಿ, ಔಷಧವನ್ನು ಆ ಅಕ್ಕನ ಕೈಗೇ ಕೊಡಿ. ಕಣ್ಣಿರುವವರು ಕೊಡಲಿ. ಏನಾದರೂ ಹೆಚ್ಚುಕಡಿಮೆ ಆದರೆ ಯಾರು ಹೊಣೆ?" ಅಂದರು. ತಪ್ಪೇನಲ್ಲ ಆ ಮಾತು.

ನಾನು ಕಿಟಕಿಗೆ ವಾಪಸು ಬಂದೆ. ಆ ತಾಯಿ ನನ್ನ ಹೆಜ್ಜೆಯ ಸದ್ದಿಗೇ ಮುಖ ತಿರುಗಿಸಿದಳು. "ಏನಂದ್ರು ಡಾಕ್ಟ್ರು? ನನ್ನ ಮಗಳನ್ನ ಕಳಿಸು ಅಂದ್ರಾ?" ನಾನು ಕತ್ತರಿ ಎತ್ತಿ ಕೆಳಗಿಟ್ಟೆ. "ಅಲ್ಲಿ ನಾಲೆ ಐತ್ರಿ ಅಣ್ಣಾರ. ಮನಿ ಮುಂದೇ ನಾಲೆ. ಎಲ್ರೂ ಹೊಲಕ್ಕೆ ಹೋದ್ರೆ ಇದಕ್ಕ ಫಿಟ್ಸ್ ಬಂದ್ರೆ ಯಾರು ನೋಡ್ತಾರ? ಇದು ಬೀಳೋ ಮುಂಚೆ ಉಸಿರು ಬ್ಯಾರೆ ಆಗ್ತೈತೆ. ಅದು ನಂಗೆ ಕೇಳಿಸ್ತೈತೆ, ಮತ್ಯಾರಿಗೂ ಕೇಳ್ಸಲ್ಲ. ಕೈ ಮುಗೀತೀನಿ, ನನ್ನಿಂದ ಕಿತ್ಕೋಬ್ಯಾಡ್ರಿ."

ನಾನು ಮತ್ತೆ ಒಳಗೆ ಹೋಗಿ, "ಸಾರ್, ಒಂದೇ ಒಂದು ಬಾಟಲಿ ಆ ತಾಯಿ ಕೈಗೆ ಕೊಟ್ಟು ನೋಡೋಣ. ಅದು ಮುಗಿಯೋದರೊಳಗೆ ಏನಾದರೂ ಎಡವಟ್ಟಾದರೆ ನೀವು ಹೇಳಿದ ಹಾಗೆ," ಅಂದೆ. ಡಾಕ್ಟರು ಬೆರಳೆತ್ತಿ, "ಒಂದು ಬಾಟಲಿ. ಅಷ್ಟೇ. ಅದೂ ನಿಮ್ಮ ಜವಾಬ್ದಾರಿ" ಅಂದರು.

ಜವಾಬ್ದಾರಿ ತಲೆ ಮೇಲೆ ಹಾಕಿಕೊಂಡದ್ದಾಯಿತು, ಇನ್ನು ತಲೆ ಓಡಿಸಬೇಕಲ್ಲ. ಮೊದಲು ಎರಡು ಬಾಟಲಿಯ ಗುರುತು ಬೇರೆಬೇರೆ ಆಗಬೇಕು. ಎರಡೂ ಒಂದೇ ಥರದ ಕಂದು ಬಾಟಲಿ, ಆಕೆಯ ಗಂಡ ಎಲ್ಲಿಂದಲೋ ಜೋಡಿ ಹುಡುಕಿ ತಂದಿದ್ದ. ಕುಡಿಸುವ ಬಾಟಲಿಯ ಕತ್ತಿಗೆ ದಾರ ಕಟ್ಟೋಣ ಅಂದುಕೊಂಡೆ. ಹೊಲಿಗೆಯ ದಾರ ಕೈಗೆ ಹತ್ತುವುದಿಲ್ಲ, ನೂಲು ಒದ್ದೆಯಾದರೆ ಮುದುಡುತ್ತದೆ. ಪೇಟೆಯಲ್ಲಿ ದಪ್ಪಗೆ, ಗಟ್ಟಿಯಾಗಿ, ಕೈಗೆ ತಟಕ್ಕನೆ ಸಿಗುವ ದಾರ ಅಂದರೆ ಸೊಂಟಕ್ಕೆ ಕಟ್ಟುವ ಕರೀ ಉಡಿದಾರ. ಅದನ್ನೇ ತಂದು, ದಿನಕ್ಕೆ ಮೂರು ಹೊತ್ತು ಅನ್ನೋದಕ್ಕೆ ಮೂರು ಗಂಟು ಹಾಕಿ, ಬಾಟಲಿ ಕತ್ತಿಗೆ ಬಿಗಿದೆ. ಅಳತೆಗೆ ಒಂದು ಚಮಚ ಗೊತ್ತುಮಾಡಿ ಗಂಡನಿಗೆ ತೋರಿಸಿದೆ, ಅವನು ಹೆಂಡತಿಗೆ ಮನೆಯಲ್ಲಿ ಹೇಳಿಕೊಡಬೇಕು.

"ಹೊತ್ತು ಹೆಂಗೆ ತಿಳೀತೈತೆ ನಿಂಗೆ?" ಅಂತ ಆಕೆಯನ್ನು ಕೇಳಿದೆ.

"ಬೆಳಿಗ್ಗೆ ಮಿಲ್ಲಿನೋರ ಗಾಡಿ ಹೋದ ಮ್ಯಾಲೆ ಒಂದು, ಮಧ್ಯಾಹ್ನ ಸಾಲಿ ಗಂಟೆ ಹೊಡೆದ ಮ್ಯಾಲೆ ಒಂದು, ಸಂಜಿ ದೀಪ ಹಚ್ಚೋ ಹೊತ್ತಿಗೆ ಒಂದು."

"ದೀಪ ಹಚ್ಚೋದು ನಿಂಗೆ ಹೆಂಗೆ ಗೊತ್ತಾಗ್ತೈತವ್ವಾ?"

"ಹಚ್ಚೋಳು ನಾನೇ ಅಲ್ಲೇನ್ರಿ?" ಅಂದಳು. ಸಾಲಿನಲ್ಲಿದ್ದವರೆಲ್ಲ ಗೊಳ್ಳಂತ ನಕ್ಕರು, ನಾನೂ ನಕ್ಕೆ.

ಬಾಟಲಿ ಅರ್ಧ ಆಗುವ ಹೊತ್ತಿಗೆ ಗಂಡ ಒಮ್ಮೆ ಮಿಲ್ಲಿನಿಂದ ಬಂದು, ಎಲ್ಲ ಸರಿ ನಡೆದಿದೆ, ಫಿಟ್ಸ್ ಬಂದಿಲ್ಲ, ಮಗು ಆಡ್ಕೊಂಡು ಉಂಡ್ಕೊಂಡು ಇದೆ ಅಂತ ಹೇಳಿ ಹೋದ. ನಾನು ಮೀಸೆ ತಿರುವಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೇ ಒಂದು ಬೆಳಿಗ್ಗೆ ಆತ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡೋಡಿ ಬಂದ. ಹಿಂದೆ ಹೆಂಡತಿ, ಆಕೆಯ ಹಿಂದೆ, ರಾತ್ರಿಯೇ ಹೇಳಿಕಳಿಸಿ ಕರೆಸಿದ್ದ ಅಕ್ಕ. ಹಿಂದಿನ ಸಂಜೆ ಫಿಟ್ಸ್ ಬಂದು, ಬೆಳಗಿನ ಜಾವ ಮತ್ತೆ ಬಂದು ಮಗು ಸುಸ್ತಾಗಿ ಬಿದ್ದಿತ್ತು. ಡಾಕ್ಟರು ನೋಡಿ, ಸೂಜಿ ಹಾಕಿ, ವಾರ್ಡಿನಲ್ಲಿ ಮಲಗಿಸಿ, ಮಂಚದ ಪಕ್ಕದಲ್ಲೇ ನಿಂತು ಕೇಳಿದರು: "ಔಷಧ ತಪ್ಪಿಸಿದಿರಾ?"

"ಒಂದಿನ ಪೂರ್ತಿ ತಪ್ಪಿತ್ರೀ," ಅಂದಳು ತಾಯಿ. "ಬಾಟಲಿ ಯಾವ್ದು ಅಂತ ಗೊತ್ತಾಗ್ಲಿಲ್ಲ."

"ದಾರ ಕಟ್ಟಿದ್ದೆನಲ್ಲವ್ವಾ!" ಅಂದೆ ನಾನು. ದನಿ ಏರಿತ್ತು.

ಅಷ್ಟರಲ್ಲಿ ಅಕ್ಕ ಮುಂದೆ ಬಂದಳು. ಮುಖದಲ್ಲಿ ಅಳುಕೇ ಇಲ್ಲ. "ದಾರ ಎಲ್ಲಿ ಹೋಗ್ತೈತ್ರಿ? ಮಗೀನ ಕೈಯಾಗೇ ಐತೆ, ನೋಡ್ರಿ." ಮಲಗಿದ್ದ ಮಗುವಿನ ಎಡಗೈ ಎತ್ತಿ ತೋರಿಸಿದಳು. ನನ್ನ ಉಡಿದಾರ, ನನ್ನ ಮೂರು ಗಂಟು, ಸಣ್ಣ ಮಣಿಕಟ್ಟಿಗೆ ಚೆಂದಾಗಿ ಬಿಗಿದಿತ್ತು. "ಎಷ್ಟು ಒಳ್ಳೇ ಕಂಪೌಂಡ್ರಪ್ಪಾ ಇವ್ರು, ಔಷಧದ ಜೊತಿಗೆ ದಾರಾನೂ ಮಂತ್ರಿಸಿ ಕೊಟ್ಟಾರ, ಈ ಪೆದ್ದಿ ಬಾಟಲಿ ಕುತ್ತಿಗಿಗೇ ಬಿಟ್ಟಾಳ ಅಂತ ನಾನೇ ಬಿಚ್ಚಿ ಮಗೂಗೆ ಕಟ್ಟಿದೆ. ಬಾಟಲಿಗೆ ಯಾಕ್ರಿ ದಾರ, ಬಾಟಲಿಗೇನು ದೃಷ್ಟಿ ತಗಲ್ತೈತಾ?"

ಕರೀ ದಾರ, ಮೂರು ಗಂಟು, ಕೊಟ್ಟವನು ಔಷಧ ಕೊಡುವವನು. ನಮ್ಮ ಸೀಮೆಯಲ್ಲಿ ಹತ್ತು ಮನೆ ಕೇಳಿದರೆ ಹತ್ತು ಮನೆಯವರೂ ಅದನ್ನು ಬಿಚ್ಚಿ ಮಗುವಿಗೇ ಕಟ್ಟುತ್ತಿದ್ದರು. ನಮ್ಮವ್ವನೇ ಕಟ್ಟುತ್ತಿದ್ದಳು! ಮಗುವನ್ನು ನೋಡಲು ಹರಿಹರಕ್ಕೆ ಬಂದಿದ್ದ ಅಕ್ಕ ಅಲ್ಲಿಗೇ ನಿಲ್ಲದೆ, ಬಾಟಲಿಗಳಿಗೆ ಜಿಡ್ಡು ಹಿಡಿದಿದೆ ಅಂತ ಕಾಗದದ ಪಟ್ಟಿ ಕಿತ್ತು ಹೋಗುವ ಹಾಗೆ ಎರಡನ್ನೂ ಒರೆಸಿ, ತಾಯಿ ಇಟ್ಟ ಜಾಗದಿಂದ ಎತ್ತಿ, ಗೋಡೆಯ ಗೂಡಿನಲ್ಲಿ ಜೋಡಿಸಿಟ್ಟು ಊರಿಗೆ ಹೋಗಿದ್ದಳು. ಮಾರನೇ ದಿನ ಗಂಡ ಮಿಲ್ಲಿಗೆ ಹೋದ ಮೇಲೆಯೇ ತಾಯಿಗೆ ಇದು ಗೊತ್ತಾದದ್ದು.

"ವಾಸನೆ ನೋಡಬಾರದಿತ್ತಾ?" ಅಂತ ಡಾಕ್ಟರು ಕೇಳಿದರು.

"ನೋಡಿದೆ ಬುದ್ಧೀ. ಲೋಶನ್ ಹಚ್ಚಿ ಹಚ್ಚಿ ನನ್ನ ಕೈ, ಸೀರಿ, ಮನಿ ಎಲ್ಲ ಅದೇ ನಾತ. ಯಾವ್ದು ಮೂಸಿದ್ರೂ ಅದೇ. ಪಕ್ಕದ ಮನಿಯಾಕಿನ್ನ ಕರೆದೆ. ಆಕಿ ನೋಡಿ, 'ಎರಡೂ ಒಂದೇ ಥರ ಅದಾವೆ ಕಣೆ, ಇದೇ ಇರಬೇಕು, ಕೊಡು' ಅಂದ್ಲು. 'ಇರಬೇಕು' ಅಂದ್ರೆ ಹೆಂಗೆ ಕೊಡ್ಲಿ? ಇವ್ರು ಬರೋ ತಂಕ ಕಾದೆ. ಅಷ್ಟರಾಗ..." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದು, "ನಾನು ಮೊದಲೇ ಹೇಳಿದ್ದೆ. ಮಗು ಚೇತರಿಸಿಕೊಂಡ ಮೇಲೆ ಅತ್ತೆಯ ಜೊತೆ ಹೋಗಲಿ" ಅಂದರು.

"ಆಗ್ಲಿ ಸಾರ್" ಅಂದವನು ಬಾಗಿಲ ತನಕ ಹೋಗಿ ತಿರುಗಿದೆ. ನನ್ನ ಸ್ವಭಾವವೇ ಹಾಗೆ, ಬಾಯಿಗೆ ಬಂದದ್ದನ್ನು ನುಂಗಿದರೆ ಅನ್ನ ಜೀರ್ಣವಾಗುವುದಿಲ್ಲ. "ಸಾರ್, ಈ ಕಿಟಕಿಯಲ್ಲಿ ದಿನಾ ಎಷ್ಟು ಜನ ಕಣ್ಣಿದ್ದೋರಿಗೆ ನಾನು ಔಷಧ ಕೊಡ್ತೀನಿ. ಹಚ್ಚೋದನ್ನ ಕುಡಿದೋರಿದ್ದಾರೆ, ಮೂರು ಹೊತ್ತಿಂದು ಒಂದೇ ಗುಟುಕಿಗೆ ಕುಡಿದು ಬೇಗ ವಾಸಿಯಾಗ್ಲಿ ಅಂದೋರಿದ್ದಾರೆ. ಈ ತಾಯಿ, ತನಗೆ ಗೊತ್ತಿಲ್ಲ ಅಂತ ಗೊತ್ತಾದಾಗ ಕೈ ತಡೆದಳು. ಪಕ್ಕದ ಮನೆಯಾಕೆ ಕೊಡು ಅಂದ್ರೂ ಕೊಡ್ಲಿಲ್ಲ. ಆ ಇನ್ನೊಂದು ಬಾಟಲಿ ಕುಡಿಸಿದ್ದಿದ್ರೆ ಇವತ್ತು ನಾವು ಇಲ್ಲಿ ಮಾತಾಡ್ತಾ ಇರ್ತಿರಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ನನಗೂ ಕಾಣಿಸಿತು ರೀ," ಅಂದರು ಮೆತ್ತಗೆ. "ಆದರೆ ಫಿಟ್ಸ್ ಬಂತಲ್ಲ. ನಂಬಿಕೆ ಸಾಲದು, ದಾರಿ ಬೇಕು. ಇದ್ದರೆ ಹೇಳಿ."

ಗುರುತು ತಪ್ಪಿದ್ದಷ್ಟೇ ಅಲ್ಲ, ಚಮಚ ತುಂಬಿತೋ ಚೆಲ್ಲಿತೋ ಅನ್ನೋದೂ ಆಕೆಗೆ ಸರಿಯಾಗಿ ತಿಳಿಯುತ್ತಿರಲಿಲ್ಲ ಅಂತ ಗಂಡ ಆಮೇಲೆ ಹೇಳಿದ. ಅವತ್ತು ಮಧ್ಯಾಹ್ನ ಬುತ್ತಿಯೂ ಸೇರಲಿಲ್ಲ, ಕಿಟಕಿಯಲ್ಲಿ ಇಬ್ಬರ ಮೇಲೆ ಸುಮ್ಮನೆ ರೇಗಿದೆ. ಕೊನೆಗೆ ಮಗುವನ್ನು ನೋಡಿ ಬರೋಣ ಅಂತ ವಾರ್ಡಿಗೆ ಹೋದೆ.

ಮಗುವಿಗೆ ಎಚ್ಚರವಾಗಿತ್ತು, ಆದರೆ ಲೋಟ ಹಿಡಿಯುವಷ್ಟು ತ್ರಾಣ ಇರಲಿಲ್ಲ. ತಾಯಿ ತನ್ನ ಗಂಟಿನಿಂದ ಒಂದು ಒಳಲೆ ತೆಗೆದಿದ್ದಳು. ಒಳಲೆ ಗೊತ್ತಲ್ಲ, ಹಸುಗೂಸಿಗೆ ಹಾಲು, ಎಣ್ಣೆ ಕುಡಿಸುವ ಕೊಕ್ಕಿನ ಸಣ್ಣ ಬಟ್ಟಲು. ಹಿತ್ತಾಳೆಯದು, ಒಳಗೆ ಕಲಾಯಿ ಹಾಕಿಸಿದ್ದು. ಎಡಗೈಯಲ್ಲಿ ಒಳಲೆ ಹಿಡಿದು, ತೋರುಬೆರಳ ತುದಿಯನ್ನು ಅಂಚಿನ ಒಳಗೆ ಇಟ್ಟುಕೊಂಡು, ಬಲಗೈಯಿಂದ ಚೊಂಬಿನ ಹಾಲು ಬಗ್ಗಿಸಿದಳು. ಹಾಲು ಬೆರಳ ತುದಿಗೆ ತಾಗಿದ ತಕ್ಷಣ ಚೊಂಬು ನಿಂತಿತು. ಮಗುವಿನ ತುಟಿಯನ್ನು ಕಿರುಬೆರಳಿಂದ ಹುಡುಕಿ, ಕೊಕ್ಕನ್ನು ಬಾಯಿಯ ಮೂಲೆಗೆ ಇಟ್ಟು ಕುಡಿಸಿದಳು. ಮತ್ತೆ ತುಂಬಿದಳು, ಮತ್ತೆ ಅಷ್ಟಕ್ಕೇ ನಿಂತಿತು. ನಮ್ಮ ಹಿರಿಯ ನರ್ಸಮ್ಮನೂ ಕೆಲಸ ಬಿಟ್ಟು ನೋಡುತ್ತಾ ನಿಂತಿದ್ದರು.

"ಈ ಒಳಲೆ ಎಲ್ಲೀದವ್ವಾ?"

"ನಮ್ಮವ್ವ ಬಾಣಂತನದಾಗೆ ಕೊಟ್ಟಿದ್ದು. ಈ ಮಗಳ್ನ ಇದ್ರಾಗೇ ಸಾಕೀನಿ. ಹರಳೆಣ್ಣಿ, ಬಜೆ, ಹಾಲು, ಎಲ್ಲ ಇದ್ರಾಗೇ. ಆಗ ಯಾರೂ ನಂಗೆ ಕಣ್ಣಿಲ್ಲ ಅನ್ಲಿಲ್ಲ ನೋಡ್ರಿ."

ನಾನು ಆ ಒಳಲೆಯನ್ನು ಕೇಳಿ ಇಸಕೊಂಡು ಕೋಣೆಗೆ ಬಂದು, ಆಕೆಯ ಬೆರಳು ತಾಗುವ ಮಟ್ಟಕ್ಕೆ ನೀರು ತುಂಬಿ, ಅಳತೆಯ ಗ್ಲಾಸಿಗೆ ಸುರಿದೆ. ಒಂದು ಹೊತ್ತಿನ ಔಷಧಕ್ಕಿಂತ ಹೆಚ್ಚೇ ಹಿಡಿಯುತ್ತಿತ್ತು. ಕಲಾಯಿ ಸಾಬರ ಹತ್ತಿರ ಕೊಟ್ಟು ಅಂಚು ಕತ್ತರಿಸಿದರೆ ಹೇಗೆ? ತಾಯಿ ಕೊಟ್ಟ ಒಳಲೆ, ಕತ್ತರಿಸಲು ಮನಸ್ಸು ಬರಲಿಲ್ಲ. ಅದೂ ಅಲ್ಲದೆ ಮಗು ಬೆಳೆದ ಹಾಗೆ ಔಷಧ ಹೆಚ್ಚಬೇಕಾದರೆ ಆಗೇನು ಮಾಡುವುದು? ಒಳಲೆಯನ್ನು ಹಿಡಿದುಕೊಂಡು ಜಾಡಿಗಳ ಮುಂದೆ ಸುಮಾರು ಹೊತ್ತು ನಿಂತಿದ್ದೆ. ಹೊಟ್ಟೆನೋವಿನ ಮಿಕ್ಸ್ಚರಿಗೆ ನೀರು ಎಷ್ಟು ಬೆರೆಸಬೇಕು ಅಂತ ತೀರ್ಮಾನಿಸುವವನು ನಾನೇ ತಾನೆ? ಒಳಲೆಯನ್ನು ಔಷಧಕ್ಕೆ ಹೊಂದಿಸಲು ಯಾಕೆ ಒದ್ದಾಡಬೇಕು, ಔಷಧವನ್ನೇ ಒಳಲೆಗೆ ಹೊಂದಿಸಿದರಾಯಿತು. ಮದ್ದು ಅಷ್ಟೇ, ನೀರು ಮಾತ್ರ ಹೆಚ್ಚು. ಒಂದು ಒಳಲೆ ಅಂದರೆ ಒಂದು ಹೊತ್ತು. ಅಯ್ಯೋ, ಇಷ್ಟು ಸಣ್ಣ ಮಾತು ಇಷ್ಟು ದಿನ ಎಲ್ಲಿ ಹೋಗಿತ್ತು ಅಂತ ನನ್ನ ಹಣೆ ನಾನೇ ಬಡಿದುಕೊಂಡೆ.

ಡಾಕ್ಟರು ಮೊದಲು ಮೂಗು ಮುರಿದರು. "ಊರಿಗೆಲ್ಲ ಒಂದು ಮಿಕ್ಸ್ಚರ್, ಇವರಿಗೊಂದು ಬೇರೆಯೇ? ನಾಳೆ ಎಲ್ಲರೂ ಅವರವರ ಮನೆ ಪಾತ್ರೆ ಹಿಡಿದುಕೊಂಡು ಬಂದರೆ?"

"ಎಲ್ಲರೂ ಅವರವರ ಬಾಟಲಿ ಹಿಡ್ಕೊಂಡು ಬರ್ತಾನೇ ಇದ್ದಾರಲ್ಲ ಸಾರ್," ಅಂದೆ.

ಅವರಿಗೆ ನಗು ಬಂತು, ತಡೆದುಕೊಂಡರು. ಒಳಲೆ ತೆಗೆದುಕೊಂಡು ತಾವೇ ಎರಡು ಸಲ ಅಳೆದರು. ಆಮೇಲೆ ಲೆಕ್ಕ ಹಾಕುತ್ತಾ ಹಾಕುತ್ತಾ ಅವರಿಗೇ ಹುರುಪು ಬಂತು. "ಬಾಟಲಿ ಎರಡಿದ್ದರಲ್ಲವೇ ಗೊಂದಲ? ಲೋಶನ್ ಯಾಕೆ ಬೇಕು? ಗಂಧಕದ ಮುಲಾಮು ಕೊಡೋಣ, ತಗಡಿನ ಡಬ್ಬಿಯಲ್ಲಿ. ನಾರುತ್ತೆ, ಆದರೆ ಕಜ್ಜಿ ಹೋಗುತ್ತೆ. ಆ ಮನೆಯಲ್ಲಿ ನಮ್ಮ ಬಾಟಲಿ ಅಂತ ಇರೋದು ಒಂದೇ." ನನಗೆ ಇದು ಹೊಳೆದೇ ಇರಲಿಲ್ಲ. ನಾನು ಎರಡು ಬಾಟಲಿಗೆ ಗುರುತು ಹುಡುಕುತ್ತಿದ್ದೆ, ಅವರು ಒಂದು ಬಾಟಲಿಯನ್ನೇ ತೆಗೆದುಹಾಕಿದರು.

ನೀರು ಹೆಚ್ಚಾದ್ದರಿಂದ ದೊಡ್ಡ ಬಾಟಲಿ ಬೇಕಾಯಿತು, ನರ್ಸಮ್ಮ ಒಂದನ್ನು ಹುಡುಕಿ ಕುದಿಸಿ ಕೊಟ್ಟರು. ಮಗು ವಾರ್ಡಿನಲ್ಲಿದ್ದಷ್ಟು ದಿನ ನರ್ಸಮ್ಮನ ಎದುರಿಗೆ ತಾಯಿಯೇ ಔಷಧ ಕುಡಿಸಿದಳು. ಮೊದಲು ಬಾಟಲಿ ಕುಲುಕಬೇಕು, ಆಮೇಲೆ ಬಿರಡೆ ತೆಗೆಯಬೇಕು, ಸುರಿದ ಮೇಲೆ ಬಿರಡೆ ಹಾಕದೆ ಮಗುವಿನ ಕಡೆ ತಿರುಗಬಾರದು, ಒಳಲೆಯನ್ನು ಪ್ರತಿ ಸಲ ತೊಳೆಯಬೇಕು. ಬೆರಳನ್ನೂ ತೊಳೆಯಬೇಕು ಅಂತ ನರ್ಸಮ್ಮ ಗದರಿಸಿ ಗದರಿಸಿ ರೂಢಿ ಮಾಡಿಸಿದರು. ಮೊದಮೊದಲು ಹೆಚ್ಚು ಬೀಳುತ್ತಿತ್ತು. ಹಾಲು ಚೆಲ್ಲಿದರೆ ಹಾಲು, ಇದು ಔಷಧ ಅನ್ನೋ ಭಯ. ಆಮೇಲೆ ಆಮೇಲೆ ಕೈ ಕೂತಿತು.

ಆದರೆ ಡಾಕ್ಟರು ಇನ್ನೂ ಹ್ಞೂಂ ಅಂದಿರಲಿಲ್ಲ. ಮಗುವನ್ನು ಕಳಿಸುವ ದಿನ ಬಂತು. ಅಕ್ಕ ಭಾನುವಳ್ಳಿಯಿಂದ ಬಂದಿದ್ದಳು, ಮಗುವಿಗೆ ಹೊಸ ಲಂಗ ತಂದಿದ್ದಳು, ಕರೆದೊಯ್ಯಲು ತಯಾರಾಗಿಯೇ ಬಂದಿದ್ದಳು. ಗಂಡ ಯಾರ ಕಡೆಗೂ ಮಾತಾಡಲಾಗದೆ ಕಂಬಕ್ಕೆ ಒರಗಿ ನಿಂತಿದ್ದ. ತಾಯಿ ಒಳಲೆಯನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸುತ್ತಿದ್ದಳು.

ಡಾಕ್ಟರು ಮೇಜಿನ ಮೇಲೆ ಎರಡು ಬಾಟಲಿ ಇಡಿಸಿದರು. ಒಂದು ಒಳಲೆಯ ಬಾಟಲಿ, ಇನ್ನೊಂದು ನನ್ನ ಕಾಗದದ ಪಟ್ಟಿಯ ಮಾಮೂಲು ಬಾಟಲಿ. ಎರಡಕ್ಕೂ ಬರೀ ನೀರು ತುಂಬಿಸಿದ್ದರು. "ಇಬ್ಬರೂ ನನ್ನೆದುರಿಗೆ ಒಂದೊಂದು ಹೊತ್ತಿನದು ಸುರಿಯಿರಿ. ನೋಡೋಣ," ಅಂದರು.

ತಾಯಿ ಕುಲುಕಿದಳು, ಬಿರಡೆ ತೆಗೆದಳು, ಬೆರಳಿಟ್ಟು ಸುರಿದಳು. ಡಾಕ್ಟರು ಒಳಲೆಯನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಮಾಡಿ ಅಂದರು. ಒಂದು ಸಲ ಕೂದಲೆಳೆ ಕಡಿಮೆ ಬಿತ್ತು, ಉಳಿದದ್ದು ಸರಿ. ಗ್ಲಾಸು ಕೆಳಗಿಟ್ಟು ಅಕ್ಕನ ಕಡೆ ತಿರುಗಿ, "ಈಗ ನೀವು. ಒಂದು ಕಚ್ಚಿನ ತನಕ ಈ ಬಟ್ಟಲಿಗೆ ಹಾಕಿ" ಅಂದರು.

ಅಕ್ಕ ಬಾಟಲಿ ಎತ್ತಿಕೊಂಡಳು. ಕಿಟಕಿಯ ಕಡೆ ಹಿಡಿದಳು. ದೂರ ಹಿಡಿದಳು, ಹತ್ತಿರ ತಂದಳು, ಓರೆ ಮಾಡಿದಳು. ಸುರಿಯಲು ಬಗ್ಗಿಸಿದಳು, ನಿಲ್ಲಿಸಿದಳು, ಮತ್ತೆ ಬಗ್ಗಿಸಿದಳು. ಕಚ್ಚು ದಾಟಿ, ಇನ್ನೊಂದು ಕಚ್ಚೂ ದಾಟಿ ನೀರು ಬಟ್ಟಲಿಗೆ ಬೀಳುತ್ತಲೇ ಇತ್ತು. ನಾನು "ಸಾಕ್ರೀ ಸಾಕ್ರೀ" ಅನ್ನುವಷ್ಟರಲ್ಲಿ ಆಕೆಯೇ ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಬಟ್ಟಲಿನಲ್ಲಿ ಎರಡು ಹೊತ್ತಿಗೂ ಮಿಕ್ಕಿ ಇತ್ತು.

"ಏನಾಯ್ತಕ್ಕಾ?" ಅಂದ ತಮ್ಮ.

ಗಟ್ಟಿ ಹೆಂಗಸು ಅಂದೆನಲ್ಲ, ಆಕೆಯ ದನಿ ಆ ಹೊತ್ತು ಎಷ್ಟು ಸಣ್ಣದಾಗಿತ್ತು ಅಂದರೆ ನಾವೆಲ್ಲ ಬಗ್ಗಿ ಕೇಳಬೇಕಾಯಿತು. "ನಂಗೂ ಕಾಣಲ್ರಿ ಡಾಕ್ಟ್ರೇ. ಆ ಬಿಳಿ ಕಾಗದ ಒಂದು ಮಸುಕು ಮಸುಕು ಕಾಣ್ತೈತೆ ಅಷ್ಟೇ. ಕಚ್ಚು ಗಿಚ್ಚು ಏನೂ ಕಾಣಲ್ಲ."

ಡಾಕ್ಟರು ಎದ್ದು ಆಕೆಯ ರೆಪ್ಪೆ ಎತ್ತಿ ನೋಡಿದರು. ಎರಡೂ ಕಣ್ಣಿಗೆ ಪೊರೆ. ಇಷ್ಟು ಸಲ ನೋಡಿದ್ದರೂ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲವಂತೆ. ಕಣ್ಣು ಮಂ‌ಜಾಯಿತು ಅಂದರೆ ಮನೆಯ ಯಜಮಾನಿಕೆ ಕೈ ತಪ್ಪುತ್ತದೆ, ಮೂಲೆಗೆ ಕೂರಿಸುತ್ತಾರೆ ಅನ್ನೋ ಭಯ. ಅಭ್ಯಾಸದ ಬಲದ ಮೇಲೆ ಹೊಲಮನೆ ಎಲ್ಲ ತೂಗಿಸಿಕೊಂಡು ಬಂದಿದ್ದಳು.

ತಾಯಿ ಆ ದನಿಯ ಕಡೆಗೆ ಕೈ ಚಾಚಿದಳು. ಕೈಗೆ ಅಕ್ಕನ ತೋಳು ಸಿಕ್ಕಿತು. "ಎಂದಿನಿಂದ ಅಕ್ಕಾ?"

"ಹೋದ ಸುಗ್ಗಿ ಮುಂಚಿಂದ."

"ನಂಗಾದ್ರೂ ಹೇಳಬಾರದಿತ್ತಾ?"

"ನಿಂಗಾ?" ಅಂದಳು ಅಕ್ಕ. ಕಣ್ಣಲ್ಲಿ ದಳದಳ ನೀರು. "ನಿಂಗೆ ಯಾವ ಬಾಯಿಲೆ ಹೇಳ್ಲಿ? ನಿಂಗೆ ಕಣ್ಣಿಲ್ಲ ಅಂತ ನಿನ್ನ ಮಗಳ್ನ ಕೇಳಾಕ ಬಂದೋಳು ನಾನು."

ನನ್ನ ಕಿಟಕಿಯ ಮುಂದೆ ಸಾಲು ಬೆಳೆದು ಜನ ಕೂಗುತ್ತಿದ್ದರು, ನನಗೆ ಹೋಗಲು ಮನಸ್ಸಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಪೊರೆ ತೆಗೆಸಬಹುದು, ಹೆದರಬೇಡಿ, ನಾನೇ ದೊಡ್ಡ ಆಸ್ಪತ್ರೆಗೆ ಬರೆದು ಕೊಡುತ್ತೇನೆ ಅಂತ ಅಕ್ಕನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಜವಾದ ಔಷಧ ತನ್ನಿ. ಮಧ್ಯಾಹ್ನದ ಹೊತ್ತಾಯಿತು" ಅಂದರು.

ಹೋಗಿ ತಂದೆ. ಸಾಧಾರಣವಾಗಿ ಔಷಧ ಕೊಡುವುದು ನನ್ನ ಕೆಲಸ. ಅವತ್ತು ಡಾಕ್ಟರು ಬಾಟಲಿಯನ್ನು ನನ್ನ ಕೈಯಿಂದ ಇಸಕೊಂಡು, ಮೇಜು ಸುತ್ತಿ ಬಂದು, ತಾವೇ ಆ ತಾಯಿಯ ಎರಡೂ ಕೈಗೆ ಇಟ್ಟರು. "ತಗೊಳ್ಳಿ ಅಮ್ಮಾ, ಕುಡಿಸಿ" ಅಂದರು. ಅವರು ಯಾರನ್ನೂ ಅಮ್ಮಾ ಅಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆಕೆ ಸುರಿದಳು, ಬಿರಡೆ ಹಾಕಿದಳು, ಮಗುವಿನ ಗಲ್ಲ ಹಿಡಿದು ಕೊಕ್ಕನ್ನು ತುಟಿಗೆ ಇಟ್ಟಳು. ಮಗು ಒಂದು ಗುಟುಕು ನುಂಗಿ ಮುಖ ಕಿವಿಚಿತು.

"ಥೂ, ಉಪ್ಪುಪ್ಪು. ಬ್ಯಾಡವ್ವಾ."

"ಬ್ಯಾಡ ಅನ್ನಬಾರ್ದು, ಪೂರ್ತಿ ಕುಡಿ," ಅಂದಳು ತಾಯಿ. ಅಳುತ್ತಿದ್ದಳು, ಆದರೆ ಕೈ ಅಲುಗಲಿಲ್ಲ. "ನಿಮ್ಮವ್ವ ಕೊಡ್ತಿರೋದು."